ರೊಟ್ಟಿಯ ಲೆಕ್ಕ

ಪೋತ್ನಾಳ
12-9-1983

ಪ್ರೀತಿಯ ತಮ್ಮ ಅಯ್ಯಣ್ಣನಿಗೆ ಅಕ್ಕನ ಆಶೀರ್ವಾದ. ನಿನ್ನ ಬೆನ್ನುನೋವು ಹೇಗಿದೆ? ಜಾಲಹಳ್ಳಿ ಶಾಲೆಯಲ್ಲಿ ದಿನವೆಲ್ಲ ನಿಂತು ಪಾಠ ಹೇಳಬೇಡ, ಕುರ್ಚಿ ಕೊಟ್ಟಿರುವುದು ಕೂರಲಿಕ್ಕೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ನನಗೆ ಹೆದರಿಕೆಯಾಗಿದೆ.

ನಿಮ್ಮ ಭಾವನ ಕಣ್ಣಿಗೆ ಪೊರೆ ಬಂದು ವರ್ಷವಾಯಿತು. ಕಾಲುವೆಯ ಗೇಟು ಕಾಯುವವರಿಗೆ ನೀರಿನ ಗುರುತುಗಂಬವೇ ಕಾಣದಿದ್ದರೆ ಏನು ಗತಿ, ನೀನೇ ಹೇಳು. ಸರಕಾರಿ ದವಾಖಾನೆಯಲ್ಲಿ ಆಪರೇಷನ್ ಪುಕ್ಕಟೆ, ಆದರೂ ಹೋಗಲೊಲ್ಲರು. ಇವರ ಜೊತೆ ಕೆಲಸಕ್ಕಿದ್ದ ಖಾಸಿಂ ಸಾಬರು ಕಣ್ಣು ತೋರಿಸಿಕೊಂಡದ್ದೇ ತಡ, ಕೆಲಸಕ್ಕೆ ಬಾರದವರೆಂದು ಮನೆಗೆ ಕಳಿಸಿದರಂತೆ. ಇವರು ಬಹಳ ವರ್ಷ ದಿನಗೂಲಿಯಲ್ಲಿದ್ದು ತಡವಾಗಿ ಖಾಯಂ ಆದವರು. ಯುಗಾದಿಯವರೆಗೆ ತಳ್ಳಿದರೆ ಪಿಂಚಣಿಯ ಹಕ್ಕು ಬರುತ್ತದೆ, ಈಗ ಬಿಟ್ಟರೆ ಇಲ್ಲ. "ಪಿಂಚಣಿ ಬರಲಿ, ಆಮ್ಯಾಲೆ ಕಣ್ಣು ತೋರಸ್ತೀನಿ. ಇನ್ನಾ ಮಬ್ಬು ಮಬ್ಬು ಕಾಣತದ" ಎನ್ನುತ್ತಾರೆ.

ಅಲ್ಲಿಯವರೆಗೆ ಅವರ ಕಣ್ಣು ನಾನೇ. ದಿನಾ ಸಂಜೆ ಬುತ್ತಿ ಹಿಡಿದು ಗೇಟಿಗೆ ಹೋಗುತ್ತೇನೆ. ಕೆಳಗಿನ ಕಾಲುವೆಯಲ್ಲಿ ನೀರು ಗುರುತುಗಂಬದ ಮೂರನೇ ಗೆರೆಗಿದ್ದರೆ "ಮೂರ್ ರೊಟ್ಟಿ ತಂದೀನ್ರೀ" ಎಂದು ಕೂಗುತ್ತೇನೆ. ಅದರಂತೆ ಅವರು ಗೇಟು ಎತ್ತಿ ಅಲ್ಲಿಗೆ ನೀರು ಬಿಡುತ್ತಾರೆ, ಇಳಿಸಿ ತಡೆಯುತ್ತಾರೆ. ತಪಾಸಣೆಗೆ ಬಂದ ಸಾಹೇಬರು ಪಕ್ಕದಲ್ಲಿದ್ದರೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಬೂದೆಮ್ಮ "ಈ ವಯಸ್ಸಿನಾಗೂ ಗಂಡನ್ನ ಬಿಟ್ಟಿರಂಗಿಲ್ಲ ನೋಡು" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಆ ಕಾಲುವೆಯ ಏರಿಯ ಕೆಳಗೇ ಕಳೆ ತೆಗೆಯಲು ಬಂದ ಕೂಲಿ ಮಂದಿಯ ಗುಡಿಸಲುಗಳಿವೆ. ಏರಿ ಒಡೆದರೆ ನೀರು ಮೊದಲು ನುಗ್ಗುವುದು ಅಲ್ಲಿಗೆ.

ಯುಗಾದಿಯವರೆಗೆ ಕಾಯಬೇಕೋ, ಈಗಲೇ ದವಾಖಾನೆಗೆ ಕರೆದೊಯ್ಯಬೇಕೋ? ಓದಿದವನು ನೀನು, ಯೋಚಿಸಿ ಬರೆ. ನಿನ್ನ ಹೆಂಡತಿ ಅಮರಮ್ಮನನ್ನು ಕೇಳಿದೆನೆಂದು ಹೇಳು, ಮಕ್ಕಳಿಗೆ ಮುದ್ದು.

ನಿನ್ನ ಅಕ್ಕ
ಕನಕಮ್ಮ

ತಾ.ಕ.: ಪತ್ರ ಮಡಚಿಟ್ಟು ಗೇಟಿಗೆ ಹೋಗಿ ಬಂದೆ. ಮಬ್ಬು ಕಾಣುತ್ತದೆ ಎಂಬ ಮಾತು ನಿಜವೋ ಸುಳ್ಳೋ ನೋಡಬೇಕೆನ್ನಿಸಿತು. ಕೆಳಗಿನ ಕಾಲುವೆಯಲ್ಲಿ ನೀರು ಏರಿಯ ಅಂಚಿಗೆ ತುಳುಕುತ್ತಿತ್ತು. ಆದರೂ ನೀರು ತಳದಲ್ಲಿದೆ ಎಂಬಂತೆ ನಾನು "ಒಂದ ರೊಟ್ಟಿ ಅದರೀ" ಎಂದೆ. ಅವರು ನೀರಿನ ಕಡೆಗೇ ಮುಖ ಮಾಡಿ ನಿಂತು, "ಹೌದು, ನನಗೂ ಕಾಣಾಕತ್ತದ" ಎಂದು ಗೇಟು ಎತ್ತಲು ಚಕ್ರ ತಿರುಗಿಸತೊಡಗಿದರು. ಓಡಿ ಹೋಗಿ ಕೈ ಹಿಡಿದುಕೊಂಡೆ. ಗೇಟು ಇಳಿಸಿ, ಚಕ್ರಕ್ಕೆ ಕೀಲಿ ಹಾಕಿ ಬಂದೆವು.

ಉತ್ತರ ಬರೆಯುತ್ತ ಕೂರಬೇಡ, ನೀನೇ ಸಿಕ್ಕ ಬಸ್ಸಿಗೆ ಬಾ. ಇದನ್ನು ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಪಿಂಚಣಿ ಹೋದರೆ ಹೋಗಲಿ. ಗೇಟಿನ ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿದೆ. ಅವರು ಇಲ್ಲೇ ನನ್ನೆದುರಿಗೆ ನೆಲ ತಡವುತ್ತ ಅದನ್ನೇ ಹುಡುಕುತ್ತಿದ್ದಾರೆ.