ನೆಲಕ್ಕಿಳಿಯುವ ಕರೆಂಟು

ಜೂನ್ 4
ಮತ್ತೆ ಅರ್ತ್ ಫಾಲ್ಟ್. ನಾಲ್ಕು ಹನಿ ಬಿದ್ದರೆ ಸಾಕು, ಬೀದಿಗೆ ಕರೆಂಟು ಕೊಡುವ ಫೀಡರ್ ಟ್ರಿಪ್. ನೆಲದೊಳಗೆ ಎಲ್ಲೋ ಕೇಬಲ್ಲಿಗೆ ಗಾಯ, ಕರೆಂಟು ಮಣ್ಣಿಗೆ ಸೋರುತ್ತಿದೆ. ಲೈನ್ ಅರ್ಧಕ್ಕೆ ಬಿಚ್ಚಿ ಪರೀಕ್ಷೆ ಮಾಡಿದೆ. ಪೂರ್ವದ ಅರ್ಧ ಚೊಕ್ಕಟ. ಅಂದರೆ ಪಶ್ಚಿಮ — ಅಕ್ಕನ ಮನೆ ಕಡೆ.
ಲೈನ್‌ಮ್ಯಾನ್ ನಮ್ಮ ಭಾವನೇ. ಒಪ್ಪಲಿಲ್ಲ. "ಆ ಕಡೆ ಏನೂ ಇಲ್ಲ ಮೇಡಂ. ಸುಮ್ನೆ ಚಾರ್ಜ್ ಮಾಡಿ, ಕರೆಂಟು ಬಿಡಿ." ಆಫೀಸಿನಲ್ಲಿ ನಾನು ಮೇಡಂ, ಮನೆಯಲ್ಲಿ ಪುಟ್ಟಿ.

ಜೂನ್ 5
"ಪಶ್ಚಿಮದ್ದು ನಾನೇ ಟೆಸ್ಟ್ ಮಾಡ್ಬಂದೆ, ಸರಿಯಿದೆ" ಅಂದರು ಭಾವ. ಕೇಬಲ್ ಪರೀಕ್ಷಿಸುವ ಅವರ ಮೆಗ್ಗರ್ ಕಪಾಟಿನಲ್ಲೇ ಇದೆ. ಮೇಲಿನ ಧೂಳೂ ಹಾಗೇ. ಏನಿಟ್ಟು ಟೆಸ್ಟ್ ಮಾಡಿದರು?... ಛೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.
ಮೇಲಿನವರ ಒತ್ತಾಯ. ಚಾರ್ಜ್ ಆಯ್ತು. ಬಿಸಿಲಿದೆ, ಲೈನ್ ಟ್ರಿಪ್ ಆಗದೆ ನಿಂತಿದೆ.

ಜೂನ್ 9, ಸಂಜೆ
ಅಕ್ಕನ ಫೋನ್. "ನಿಮ್ಮ ಭಾವನಿಗೆ ಇದ್ದಕ್ಕಿದ್ದಂತೆ ನನ್ಮೇಲೆ ಪ್ರೀತಿ ಉಕ್ಕಿದೆ ಕಣೇ! ರಬ್ಬರ್ ಚಪ್ಪಲಿ ತಂದಿದ್ದಾರೆ. ಗೇಟ್ ಹತ್ರ ಬರಿಗಾಲಲ್ಲಿ ಹೋಗ್ಬೇಡ ಅಂತ ಆಣೆ ಬೇರೆ." ನಕ್ಕಳು.
ತಕ್ಷಣ ಫೀಡರ್ ಆಫ್ ಮಾಡಿಸಿದೆ. ಭಾವನಿಗೆ ಕಾರಣ ಹೇಳಲಿಲ್ಲ.

ಜೂನ್ 10
ಫಾಲ್ಟ್ ಹುಡುಕುವ ವ್ಯಾನ್ ತರಿಸಿದೆ. ಅದು ಕೇಬಲ್ಲಿಗೆ ಏಟು ಕೊಡುತ್ತೆ. ಗಾಯ ಇರುವಲ್ಲಿ ನೆಲ ಧಬ್ ಅನ್ನುತ್ತೆ. ಹೆಡ್‌ಫೋನ್ ಹಾಕಿ ಬೀದಿಯುದ್ದ ನಡೆದೆ. ಬೇಕರಿ ಮುಂದೆ ಸಣ್ಣಗೆ. ಟೈಲರ್ ಅಂಗಡಿ ಮುಂದೆ ಜೋರು. ಅಕ್ಕನ ಹೊಸ ಗೇಟಿನ ಕಂಬದ ಬುಡದಲ್ಲಿ — ಎದೆಗೇ ಗುದ್ದಿದ ಹಾಗೆ.
ಭಾವ ಓಡಿ ಬಂದರು. ಈಗ ಮೇಡಂ ಇಲ್ಲ. "ಪುಟ್ಟಿ, ಲೈನ್ ಆಫ್ ಮಾಡ್ಕೊಂಡೇ ಕಂಬಕ್ಕೆ ಗುಂಡಿ ತೋಡಿದೆ. ಆದ್ರೂ ಹಾರೆ ಕೇಬಲ್ಲಿಗೆ ತಗುಲ್ತು. ಟೇಪ್ ಸುತ್ತಿ ಮುಚ್ಚಿಬಿಟ್ಟೆ. ಗೊತ್ತಾದ್ರೆ ಕೆಲಸ ಹೋಗುತ್ತೆ. ಕೈ ಮುಗೀತೀನಿ, ಯಾರಿಗೂ ಹೇಳ್ಬೇಡ."
"ಮಕ್ಕಳು ಈ ಗೇಟ್ ಹಿಡ್ಕೊಂಡೇ ಜೋಲಾಡ್ತಾರೆ ಭಾವ."


ಜೂನ್ 11
ಕೇಬಲ್ಲಿನ ಗಾಯ ಕತ್ತರಿಸಿ ಹೊಸ ಜಾಯಿಂಟ್ ಹಾಕಿಸಿದೆ. ಇದ್ದದ್ದು ಇದ್ದ ಹಾಗೆ ವರದಿ ಕೊಟ್ಟೆ. ಭಾವ ಸಸ್ಪೆಂಡ್. ಅನ್ನ ಸೇರಲಿಲ್ಲ.

ಜೂನ್ 16
ಅಕ್ಕ ಬಂದಿದ್ದಾಳೆ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.
"ನಿಮ್ಮ ಭಾವ ಮನೇಲಿ ಖಾಲಿ ಕೂತು ಗೀಸರ್ ರಿಪೇರಿ ಮಾಡಿದಾರೆ. ಸರಿಹೋಯ್ತು, ಹಾಕು ಅಂದ್ರು. ಬೆರಳು ಸ್ವಿಚ್ ತನಕ ಹೋಗುತ್ತೆ... ಒತ್ತೋಕಾಗಲ್ಲ ಕಣೇ. ನೀನೊಂದ್ಸಲ ಬಂದು ನೋಡ್ತೀಯಾ? ಅವರು ಹೊರಗೆ ಹೋಗಿದಾರೆ."
ಟೆಸ್ಟರ್ ಚೀಲಕ್ಕೆ ಹಾಕಿದೆ. ಅಕ್ಕ ಬಾಗಿಲಲ್ಲಿ ನಿಂತು ಕರೀತಿದ್ದಾಳೆ. ಭಾವ ಬರೋದ್ರೊಳಗೆ—