ಮೂಲೆಗೆ ಮುಖ ಮಾಡಿದ ಕತ್ತೆಕಿರುಬ

ಫೆಬ್ರವರಿ 9, ಸೋಮವಾರ

ನಾಳೆ ಕ್ಲಾಸಿನಲ್ಲಿ ಎರಡು ಝೂಗಳ ಆಫ್ರಿಕಾ ವಿಭಾಗಗಳನ್ನು ಹೋಲಿಸಿ ಮಾತಾಡಬೇಕು. ಪ್ರಾಜೆಕ್ಟಿನ ಜೊತೆಗಾತಿಗೆ ನಾನಿಟ್ಟ ಹೆಸರು ಬಡಬಡಿ. ಅವಳು "ಪ್ರಾಣಿ ಚೆನ್ನಾಗಿ ಕಾಣುತ್ತದೆಯೇ?" ಎಂಬ ಪ್ರಶ್ನೆಯಲ್ಲಿ ಹಳೆಯ ಝೂಗೆ ಹತ್ತಕ್ಕೆ ಹತ್ತು ಮಾರ್ಕ್ಸ್ ಕೊಟ್ಟಿದ್ದಾಳೆ. ಹೊಸದಕ್ಕೆ ಮೂರು.

ನಾವಿಬ್ಬರೂ ನೋಡಲು ಹೋದಾಗ ಹೊಸದರಲ್ಲಿ ಜಿರಾಫೆ, ಜೀಬ್ರಾ ಬಯಲಿನಲ್ಲೇ ಮೇಯುತ್ತಿದ್ದವು. ಕತ್ತೆಕಿರುಬ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಹೊರಡುವಾಗ ನೋಡಿದರೆ ಹುಲ್ಲಿನೊಳಗೆ ಎರಡು ಕಣ್ಣು. ಅಷ್ಟು ಹೊತ್ತೂ ಅದೇ ನಮ್ಮನ್ನು ನೋಡುತ್ತಿತ್ತು.

ಹಳೆಯದರಲ್ಲಿ ಹುಡುಕುವ ಮಾತೇ ಇಲ್ಲ. ಸಿಮೆಂಟ್ ನೆಲ, ಮೂರು ಕಡೆ ಸರಳು, ಹಿಂದೆ ಒಂದು ಗೋಡೆ. ಕತ್ತೆಕಿರುಬ ಮೂಲೆಗೆ ಮೂತಿ ಒತ್ತಿಕೊಂಡು ನಿಂತಿತ್ತು. ಜನ ಶಿಳ್ಳೆ ಹೊಡೆದರೂ ತಿರುಗಲಿಲ್ಲ.

"ಹಾಲು ಕುಡಿಯೋ ಬೆಕ್ಕು ನೋಡೇ! ಕಣ್ಣು ಮುಚ್ಚಿದ್ರೆ ಯಾರಿಗೂ ಕಾಣಲ್ಲ ಅನ್ಕೊಂಡಿದೆ," ಎಂದು ಬಡಬಡಿ ನಕ್ಕಳು.

ನನಗೆ ನಗು ಬರಲಿಲ್ಲ. ಆರನೇ ವಯಸ್ಸಿನಿಂದ ನನ್ನದು ಹಾಸ್ಟೆಲ್ಲಿನ ಡಾರ್ಮಿಟರಿ, ಸಾಲು ಮಂಚ, ಚಿಲಕವಿಲ್ಲದ ಬಾತ್‌ರೂಮು. ಅಳು ಬಂದರೆ ಗೋಡೆ ಕಡೆ ತಿರುಗಿ ಮಲಗುವುದು. ಪ್ರೈವೆಸಿ ಎಂದರೆ ಅಷ್ಟೇ.

ಇವತ್ತು ಸಂಜೆ ಬಡಬಡಿಗೆ ಫೋನ್ ಮಾಡಿದೆ. "ಆ ಹತ್ತು ತೆಗೆಯೋಣ ಕಣೇ. ಅಡಗೋಕೆ ಜಾಗ ಇದ್ಯಾ ಅಂತ ಮಾರ್ಕ್ಸ್ ಕೊಡೋಣ."

"ತಲೆ ಕೆಟ್ಟಿದ್ಯಾ? ಟಿಕೆಟ್ ತಗೊಂಡು ಹೋಗಿ ಪೊದೆ ನೋಡ್ಕೊಂಡು ಬರ್ಬೇಕಾ? ಹಾಗಿದ್ರೆ ನಾಳೆ ನೀನೇ ಎದ್ದು ಹೇಳು, ಮಹಾರಾಯ್ತಿ."

ನಾನೇ. ಇಡೀ ಕ್ಲಾಸಿನ ಕಣ್ಣು ನನ್ನ ಮೇಲೆ. ಸುಮ್ಮನೆ ಕೂತರೆ ಆ ಹತ್ತು ಹಾಗೇ ಉಳಿಯುತ್ತದೆ.

ಕಣ್ಣು ಮುಚ್ಚಿದರೆ ಆ ಬೆನ್ನೇ ಬರುತ್ತದೆ. ಶಿಳ್ಳೆ ಕೇಳಿದಾಗಲೆಲ್ಲ ಚುಕ್ಕೆಚುಕ್ಕೆಯ ಚರ್ಮ ಸಣ್ಣಗೆ ನಡುಗುತ್ತದೆ.

ಹೇಳುತ್ತೇನೆ. ಕ್ಲಾಸಿಗೆ ಬೆನ್ನು ಹಾಕಿ, ಬೋರ್ಡಿನ ಕಡೆ ತಿರುಗಿ ನಿಂತಾದರೂ ಸರಿ.