ನಿನ್ನ ಅಂಗೈ ಮೇಲಿನ ಎಂಟು ಅಂಕೆ

ಅರಕಲಗೂಡು
ಶುಕ್ರವಾರ

ಹಂಸ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಪದವನ್ನು ನೀನು ಆಗಲೇ ಒಂದು ಸಂಖ್ಯೆಗೆ ಕೊಟ್ಟುಬಿಟ್ಟಿದ್ದೀಯ.

ಹೋದ ಭಾನುವಾರ ಹೊಗೆಸೊಪ್ಪಿನ ಕೂಲಿಯವರ ಸಭೆಯಲ್ಲಿ ನಾನು ಗಂಟಲು ಹರಿಯುವಂತೆ ಮಾತಾಡುತ್ತಿದ್ದೆ. ನೀನು ನನ್ನ ಕರಪತ್ರ ಹಂಚುತ್ತಿದ್ದೆ. ಕೈ ಚಾಚಿದಾಗಲೆಲ್ಲ ಅಂಗೈ ಮೇಲೆ ನೀಲಿ ಇಂಕಿನಲ್ಲಿ ಬರೆದ 73939133 ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಪುಟ್ಟ ಹೃದಯ. ನನ್ನ ಮಾತು ಅಲ್ಲೇ ತಪ್ಪಿತು. ಆಮೇಲೆ ಟೀ ಅಂಗಡಿಯಲ್ಲಿ ಗೆಳೆಯ ಶಾಂತರಾಜು ಉರಿಗೆ ತುಪ್ಪ ಸುರಿದ: “ಲೇ ಮನೋಹರ, ಎಂಟೇ ನಂಬರ್ ಬರ್ಕೊಂಡವ್ಳೆ ಕಣ್ಲಾ. ಕೊನೇ ಎರಡು ನಿಂಗ್ ಗೊತ್ತಾಗ್ಬಾರ್ದು ಅಂತ ಬಚ್ಚಿಟ್ಟವ್ಳೆ!”

ನಂಬಿಬಿಟ್ಟೆ. ತೋಚಿದ ಎರಡೆರಡು ಅಂಕೆ ಸೇರಿಸಿ ಫೋನ್ ಮಾಡಿದೆ. ಯಾರೋ ಹಿಂದಿಯಲ್ಲಿ ಬೈದರು. ಹೆಣ್ಣು ಯಾರ ಸ್ವತ್ತೂ ಅಲ್ಲ ಎಂದು ಕರಪತ್ರ ಬರೆದ ಬೆರಳುಗಳೇ ಆ ಅಂಕೆ ಒತ್ತಿದ್ದು.

ಕೊನೆಗೆ ನಿನ್ನನ್ನೇ ಕೇಳಿದಾಗ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಜನ ತಿರುಗಿ ನೋಡುವಷ್ಟು ನಕ್ಕೆ ನೀನು. “ಅಯ್ಯೋ ಪೆದ್ದ, ಅದು ಫೋನ್ ನಂಬರ್ ಅಲ್ಲ ಕಣೋ, ಅವಿಭಾಜ್ಯ ಸಂಖ್ಯೆ! ಒಂದು ಬಿಟ್ರೆ, ತನ್ನನ್ನ ಬಿಟ್ರೆ, ಯಾವುದರಿಂದ್ಲೂ ಶೇಷ ಇಲ್ದೆ ಭಾಗ ಆಗಲ್ಲ. ಬಲಗಡೆಯಿಂದ ಒಂದೊಂದೇ ಅಂಕೆ ಕಿತ್ತು ಹಾಕು, ಉಳಿದಿದ್ದೂ ಅವಿಭಾಜ್ಯವೇ. ಕಡೆಗೆ ಬರೀ ಏಳು ಉಳಿದ್ರೂ! ಈ ಗುಣ ಇರೋದ್ರಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದರ ಬಲಕ್ಕೆ ಇನ್ನು ಯಾವ ಅಂಕೆ ಅಂಟಿಸಿದ್ರೂ ಕೆಟ್ಟೋಗುತ್ತೆ.”

ನನ್ನ ವಿಷಯ ಮಾತಾಡುವಾಗ ನಿನ್ನ ಮುಖ ಹಾಗೆ ಬೆಳಗಿದ್ದನ್ನು ನಾನು ಕಂಡಿಲ್ಲ.

ಅದು ಗಂಡಸಾಗಿದ್ದರೆ ಅವನ ದುಡ್ಡನ್ನೋ ಬೈಕನ್ನೋ ಜಾತಿಯನ್ನೋ ಹಿಡಿದು ಜಗಳ ತೆಗೆಯುತ್ತಿದ್ದೆ. ಇದಕ್ಕೆ ಜಾತಿಯೇ ಇಲ್ಲ! ಬೀದಿ ಬೇರೆ, ಲೋಟ ಬೇರೆ ಎಂದು ಮನುಷ್ಯರನ್ನು ಭಾಗ ಮಾಡುವುದೇ ನಮ್ಮ ರೋಗವೆಂದು ಊರೂರಲ್ಲಿ ಸಾರಿದವನು ನಾನು. ಭಾಗವಾಗದ್ದೊಂದು ಸಿಕ್ಕಿದೆ ಎಂದು ಕುಣಿಯಬೇಕಿತ್ತು. ಹೊಟ್ಟೆ ಉರಿಯುತ್ತಿದೆ.

ಯಾಕೆ ಗೊತ್ತೆ? ನೀನೇ ಹೇಳಿದೆ, ನಿಮ್ಮ ತಂದೆ ಅದನ್ನು ನಡುಮನೆಯಲ್ಲಿ ಕೂತು ಕೇಳಿ, “ಎಂಥಾ ಶುದ್ಧವಾದ ಸಂಖ್ಯೆ ಕಣಮ್ಮಾ!” ಅಂದರಂತೆ. ನಾನು ಮೂರು ಸಲ ಹೊಳೆನರಸೀಪುರದ ನಿಮ್ಮ ಮನೆಗೆ ಬಂದೆ. ಮೂರು ಸಲವೂ ಜಗಲಿ. ಕಾಫಿಯೂ ಅಲ್ಲಿಗೇ ಬಂತು. ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆ, ಒಳಗೆ ಬಾ ಅನ್ನಲಿಲ್ಲ. ಎಂಟು ಅಂಕೆಗಳು ಮಾತ್ರ ಹೊಸಿಲು ದಾಟಿ ಒಳಗೆ ಕೂತಿವೆ.

ಈ ಭಾನುವಾರ ಬರುತ್ತೇನೆ. ನಿಮ್ಮ ತಂದೆಯ ಎದುರೇ ನನ್ನ ಹೆಸರು ಹಿಡಿದು ಒಳಗೆ ಕರೆ. ಕರೆಯಲಾಗದಿದ್ದರೆ ಕಾಫಿ ತರಬೇಡ. ಎದ್ದು ಹೋಗುತ್ತೇನೆ, ಮತ್ತೆ ಬರುವುದಿಲ್ಲ.

ನಿನ್ನ ಸಂಖ್ಯೆಗೆ ನಾನು ಏನನ್ನೂ ಹಾರೈಸುವುದಿಲ್ಲ. ಅದಕ್ಕೆ ಸಾವಿಲ್ಲ, ಅದು ಎಷ್ಟು ಕಾಲ ಬೇಕಾದರೂ ಕಾಯುತ್ತದೆ. ನನ್ನಿಂದ ಆಗದು. ನೀನು ಮಾತ್ರ, ಯಾರನ್ನು ಒಳಗೆ ಕರೆದರೂ, ನೂರ್ಕಾಲ ಚೆನ್ನಾಗಿ ಬಾಳು.

ಇನ್ನೂ ಜಗಲಿಯಲ್ಲೇ ಇರುವ,
ಮನೋಹರ